ಯುದ್ಧ ಮುಗಿದ ಮೇಲಿನ ಸಂಸಾರ

ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದೆ. ಹೆಣಗಳ ನಡುವೆ ದುರ್ಯೋಧನನು ನಡೆದುಹೋಗುವ ಸನ್ನಿವೇಶ. “ಸಾರ್, ಇಂಥದನ್ನೆಲ್ಲ ಕಂಡವನು ಬದುಕಿ ಮನೆಗೆ ಬಂದರೆ, ಹೆಂಡತಿಯೊಡನೆ ಹೇಗೆ ಸಂಸಾರ ಮಾಡಿಯಾನು?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕವಿಗೆ ಆ ಪ್ರಶ್ನೆ ಎದುರಾಗಲಿಲ್ಲ; ನನಗೆ ಉತ್ತರ ಹೊಳೆಯಲಿಲ್ಲ.

ಈ ಪ್ರಶ್ನೆಯನ್ನು ಅಮೆರಿಕದ ಮನೋವೈದ್ಯರು ಗಂಭೀರವಾಗಿಯೇ ಕೈಗೆತ್ತಿಕೊಂಡಿದ್ದಾರೆ. ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನಗಳಿಂದ ಹಿಂದಿರುಗಿದ ಯೋಧರಲ್ಲಿ ಹಲವರಿಗೆ ಯುದ್ಧವು ಮುಗಿದಿರಲಿಲ್ಲ. ರಾತ್ರಿ ದುಃಸ್ವಪ್ನ, ಹಗಲು ಸಿಡುಕು. ಬಾಗಿಲು ಸದ್ದಾದರೂ ಬೆಚ್ಚುವ ಮೈ. ಈ ಆಘಾತೋತ್ತರ ವ್ಯಾಧಿಗೆ ಅಲ್ಲಿನ ವೈದ್ಯರ ಅಧಿಕೃತ ಪಟ್ಟಿಯಲ್ಲಿ ಈಗಿನ ಹೆಸರು ದೊರೆತದ್ದು 1980ರಲ್ಲಿ.

ವ್ಯಾಧಿ ಒಬ್ಬನದಾದರೂ ಪಥ್ಯ ಮನೆಮಂದಿಗೆಲ್ಲ. ಗಂಡನಿಗೆ ಜನಜಂಗುಳಿಯ ಭಯವೆಂದು ಹೆಂಡತಿ ಅಂಗಡಿಗೆ ತಾನೊಬ್ಬಳೇ ಹೋಗುತ್ತಾಳೆ. ಮಕ್ಕಳ ಬಾಯಿ ಮುಚ್ಚಿಸುತ್ತಾಳೆ. ನೆಂಟರಿಗೆ ನೆವ ಹೇಳುತ್ತಾಳೆ. ಇದೆಲ್ಲ ಪ್ರೀತಿಯಿಂದಲೇ. ಆದರೆ ಆ ಪ್ರೀತಿಯೇ ಭಯಕ್ಕೆ ಅನ್ನವಿಕ್ಕಿ ಸಾಕುತ್ತದೆಂಬುದು ಈ ವ್ಯಾಧಿಯ ಕ್ರೂರ ವಿನೋದ.

ಆದುದರಿಂದ ದಂಪತಿಗಳಿಬ್ಬರನ್ನೂ ಜೊತೆಯಲ್ಲಿ ಕೂಡಿಸಿ ಮಾಡುವ ಚಿಕಿತ್ಸೆಯೊಂದನ್ನು ಕ್ಯಾಂಡಿಸ್ ಮಾನ್ಸನ್ ಮತ್ತು ಸ್ಟೆಫನಿ ಫ್ರೆಡ್‌ಮನ್ ಎಂಬ ವಿದುಷಿಯರು ರೂಪಿಸಿದರು. ಹದಿನೈದು ಭೇಟಿಗಳ ಕ್ರಮ ಅದು. ಮೊದಲು ವ್ಯಾಧಿಯ ಸ್ವರೂಪದ ತಿಳಿವಳಿಕೆ, ಸಿಟ್ಟಿಗೆ ಕಡಿವಾಣ. ಆಮೇಲೆ, ದೂರವಿಟ್ಟ ಸ್ಥಳಗಳಿಗೂ ಮಾತುಗಳಿಗೂ ಇಬ್ಬರೂ ಕೈಹಿಡಿದು ಮರಳುವುದು. ಕಡೆಗೆ, ನಡೆದುದರ ಅರ್ಥವನ್ನು ಒಟ್ಟಿಗೆ ಅರಸುವುದು. 2012ರಲ್ಲಿ ಪ್ರಕಟವಾದ, ನಲವತ್ತು ಜೋಡಿಗಳ ಪರೀಕ್ಷೆಯಲ್ಲಿ ಇದು ಫಲ ಕೊಟ್ಟಿತು.

ಆದರೆ ಚಿಕಿತ್ಸಾಲಯಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಹೋಗಬೇಕಲ್ಲ! ಇಬ್ಬರಿಗೂ ರಜೆ ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ದೂರದ ದಾರಿ ಸವೆಯಬೇಕು. ಮನೆಯಲ್ಲೇ ಕುಳಿತು ಪರದೆಯ ಮೇಲೆ ಚಿಕಿತ್ಸಕರೊಡನೆ ಮಾತಾಡಿದರೆ ಸಾಲದೆ? ಸ್ಯಾನ್ ಡಿಯಾಗೊ ನಗರದಲ್ಲಿ ಲೆಸ್ಲಿ ಮಾರ್ಲಂಡ್ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿದರು. ಚಿಕಿತ್ಸೆಯನ್ನು ಎಂಟು ಭೇಟಿಗಳಿಗೆ ಇಳಿಸಿ, 137 ಯೋಧರನ್ನೂ ಅವರ ಸಂಗಾತಿಗಳನ್ನೂ ಮೂರು ಗುಂಪು ಮಾಡಿದರು: ಕೆಲವರಿಗೆ ಮುಖಾಮುಖಿ ಚಿಕಿತ್ಸೆ, ಕೆಲವರಿಗೆ ಪರದೆಯ ಮೂಲಕ, ಉಳಿದವರಿಗೆ ವ್ಯಾಧಿಯ ಬಗ್ಗೆ ಬೋಧನೆ ಮಾತ್ರ. 2022ರಲ್ಲಿ ಹೊರಬಂದ ಫಲಿತಾಂಶದಂತೆ, ಬೋಧನೆಗಿಂತ ಜೋಡಿ ಚಿಕಿತ್ಸೆಯೇ ಲಕ್ಷಣಗಳನ್ನು ಹೆಚ್ಚು ತಗ್ಗಿಸಿತು. ಪರದೆಯೇನೂ ಕೊಠಡಿಗೆ ಸೋಲಲಿಲ್ಲ.

ಹಾಗಾದರೆ ಆಯ್ಕೆ ಅವರವರ ಇಷ್ಟವೆಂದು ಕೈತೊಳೆದುಕೊಳ್ಳಬಹುದೆ? ಇಲ್ಲಿ ನನಗೊಂದು ಅಳುಕು. “ಮನೆಯೇ ವಾಸಿ” ಎನ್ನುವ ಯೋಧನಲ್ಲಿ ಮಾತಾಡುತ್ತಿರುವುದು ಅನುಕೂಲವೋ, ಹೊಸ್ತಿಲು ದಾಟಲಂಜುವ ಹಳೆಯ ಭಯವೋ? ಕೆಲವರಿಗೆ ಚಿಕಿತ್ಸಾಲಯದ ದಾರಿಯೇ ಮೊದಲ ಮದ್ದು. ಹೆಂಡತಿಯ ಕಡೆಯಿಂದ ನೋಡಿ: ಜಗಳಗಳೆಲ್ಲ ನಡೆದ ಅದೇ ಕೋಣೆಯಲ್ಲಿ, ಕದದಾಚೆ ಮಕ್ಕಳು ಕಿವಿಗೊಟ್ಟಿರುವಾಗ, ಅವಳು ಮನಸ್ಸು ಬಿಚ್ಚಿಯಾಳೆ? ಅವನ ಕೈ ಮೇಲೇಳುವ ಮನೆಯಾದರಂತೂ, ಪರದೆ ಆರಿದ ಮರುಗಳಿಗೆ ಅವಳಿಗೆ ದಿಕ್ಕು ಯಾರು? ಇದಕ್ಕೆ ಪ್ರತಿಯಾಗಿ, ಯೋಧನು ಹೆಚ್ಚು ನಿರಾಳವಾಗಿರುವುದು ತನ್ನ ಕುರ್ಚಿಯಲ್ಲಿ. ಚಿಕಿತ್ಸಕರು ಸಂಸಾರವನ್ನು ಅದರ ಸ್ವಸ್ಥಾನದಲ್ಲಿ ಕಾಣುವುದೂ ಅಲ್ಲಿಯೇ. ದೂರದ ಊರಿನವರಿಗೆ ಪರದೆಯಿಲ್ಲದಿದ್ದರೆ ಚಿಕಿತ್ಸೆಯೇ ಇಲ್ಲ.

ಆದ್ದರಿಂದ ಇಷ್ಟವನ್ನು ಕೇಳಲೇಬೇಕು. ಆದರೆ ಇಬ್ಬರನ್ನೂ, ಮೊದಲು ಬೇರೆಬೇರೆಯಾಗಿ, ಕೇಳಬೇಕು. ಒಬ್ಬರ ಇಷ್ಟವನ್ನು ಇಬ್ಬರದೆಂದು ಬರೆದುಕೊಳ್ಳುವುದು ಎಷ್ಟೋ ಸಂಸಾರಗಳ ಹಳೆಯ ರೋಗ.

ಮರುದಿನ ಆ ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳು ಕ್ಷಣಕಾಲ ಸುಮ್ಮನಿದ್ದು, “ನಮ್ಮ ಅಜ್ಜಿಯನ್ನು ಯಾರೂ ಕೇಳಲೇ ಇಲ್ಲ ಸಾರ್. ತಾತ ಸೈನ್ಯದಲ್ಲಿದ್ದರು” ಎಂದಳು.

ಪಾಠ ಮುಂದುವರಿಸಲು ನನಗೆ ತುಸು ಹೊತ್ತು ಹಿಡಿಯಿತು.