'ಆಪರೇಷನ್ ಇಲ್ಲ' ಅನ್ನುವ ಬೋರ್ಡಿನ ಹಿಂದೆ ಯಾರಿದ್ದಾರೆ?

ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿನ ಕಾಂಪ್ಲೆಕ್ಸುಗಳನ್ನು ಒಮ್ಮೆ ತಲೆ ಎತ್ತಿ ನೋಡಿ. ಕೆಳಗೆ ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ, ಬೀಜ ಗೊಬ್ಬರದ ಅಂಗಡಿ. ಮೇಲಿನ ಮಹಡಿಯಲ್ಲಿ 'ಸ್ಕಿನ್, ಹೇರ್ ಅಂಡ್ ಲೇಸರ್'. ಮೊದಲು ಇದಕ್ಕೆಲ್ಲ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಈಗ ಪೇಪರಿನ ಒಳಗೆ ಪಾಂಪ್ಲೆಟ್ ಬರುತ್ತದೆ, ಗೆಳತಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ 'ಮೊದಲು–ನಂತರ' ಫೋಟೋ ಬರುತ್ತದೆ. ಎಲ್ಲ ಕಡೆಯೂ ಒಂದೇ ಸಾಲು: ಆಪರೇಷನ್ ಇಲ್ಲ, ನೋವಿಲ್ಲ, ಒಂದೇ ತಾಸಿನಲ್ಲಿ ಮನೆಗೆ.

ಈ ಸಾಲಿನ ಬಗ್ಗೆಯೇ ನಮ್ಮ ತಕರಾರು. ನಮ್ಮ ಮನೆಗಳಲ್ಲಿ ಆಪರೇಷನ್ ಅಂದರೆ ದೊಡ್ಡ ಸುದ್ದಿ. ಅಣ್ಣ ತಮ್ಮಂದಿರು ಸೇರುತ್ತಾರೆ, ಯಾವ ಡಾಕ್ಟರು ಕೈಗುಣದವರು ಎಂದು ನಾಲ್ಕು ಊರಲ್ಲಿ ವಿಚಾರಿಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಇಂಜೆಕ್ಷನ್ ಅಂದರೆ ಯಾರೂ ಏನೂ ಕೇಳೋದಿಲ್ಲ. ಜ್ವರ ಬಂದರೆ ಒಂದು ಸೂಜಿ ಹಾಕಿಸಿಕೊಂಡು ಹಾಗೇ ಹೊಲಕ್ಕೆ ಹೋದ ಜನ ನಾವು. "ಆಪರೇಷನ್ ಏನಲ್ಲಲ್ಲ, ಬರೇ ಲೈಟ್ ಹಿಡೀತಾರಂತ" ಎಂದರೆ ಅವ್ವನೂ ಹೂಂ ಅನ್ನುತ್ತಾಳೆ. ಕೊಯ್ಯೋದಿಲ್ಲ ಎಂದ ಕೂಡಲೇ ಡಾಕ್ಟರು ಯಾರು ಎಂಬ ಪ್ರಶ್ನೆಯೇ ಮರೆತುಹೋಗುತ್ತದೆ. ರೇಟು ಕೇಳುತ್ತೇವೆ, ಡಿಸ್ಕೌಂಟ್ ಕೇಳುತ್ತೇವೆ, ಸೂಜಿ ಹಿಡಿಯುವವರ ಓದು ಏನು ಅಂತ ಕೇಳೋದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಮುಖ ಚೆಂದ ಕಾಣಲಿ ಅಂತ ಆಸೆಪಡುವವರನ್ನು ನಾವು ಹಂಗಿಸುವುದಿಲ್ಲ. ಪಿಸಿಒಡಿಯಿಂದ ಗದ್ದದ ಮೇಲೆ ಕೂದಲು ಬಂದ ಹುಡುಗಿ ಕಾಲೇಜಿನಲ್ಲಿ ದಿನವಿಡೀ ವೇಲ್ ಮುಚ್ಚಿಕೊಂಡು ಕೂರುವುದನ್ನು ನೋಡಿದವರು ನಾವು. ಒಲೆಯ ಬೆಂಕಿ ತಗುಲಿ ಕೆನ್ನೆ ಸುಟ್ಟವರು, ಹೆರಿಗೆಯ ನಂತರ ಮುಖದ ತುಂಬ ಬಂಗು ಬಂದವರು ಎಲ್ಲ ಊರಲ್ಲೂ ಇದ್ದಾರೆ. ಇವರಿಗೆಲ್ಲ ಚಿಕಿತ್ಸೆ ಬೇಕು. ಅದು ಸಿಗುವ ರೀತಿ ಸರಿಯಿರಬೇಕು ಅನ್ನುವುದಷ್ಟೇ ನಮ್ಮ ಮಾತು.

ಲೇಸರ್ ಅಂದರೆ ಬರೇ ಲೈಟ್ ಅಂತಾರಲ್ಲ, ಆ ಲೈಟು ಹುಡುಕಿಕೊಂಡು ಹೋಗುವುದು ಕಪ್ಪನ್ನು. ಕೂದಲಿನ ಬುಡದಲ್ಲಿರುವ ಕಪ್ಪು ಬಣ್ಣ, ಅಂದರೆ ಮೆಲನಿನ್, ಆ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ, ಬುಡ ಸುಡುತ್ತದೆ. ಬಿಳಿ ಚರ್ಮದವರಲ್ಲಿ ಕಪ್ಪಿರುವುದು ಕೂದಲಿನಲ್ಲಿ ಮಾತ್ರ, ಲೆಕ್ಕ ಸಲೀಸು. ನಮ್ಮಲ್ಲಿ ಚರ್ಮದಲ್ಲೇ ಮೆಲನಿನ್ ತುಂಬಿದೆ. ಹಾಗಾಗಿ ಕೂದಲಿಗೆ ಹೋಗಬೇಕಾದ ಬಿಸಿ ಮೇಲಿನ ಚರ್ಮಕ್ಕೇ ತಗುಲಬಹುದು. ಬೊಬ್ಬೆ ಏಳುತ್ತದೆ, ಆಮೇಲೆ ಕಪ್ಪು ಕಲೆ ಉಳಿಯುತ್ತದೆ, ಕೆಲವರಿಗೆ ಬಿಳಿ ಮಚ್ಚೆ. ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ ಎನ್ನಲಾಗುವ ಉದ್ದ ತರಂಗದ ಲೇಸರ್ ಇದೆ. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಅಂತ ಅದರ ಹೆಸರು. ಅದರಲ್ಲೂ ಎಷ್ಟು ಶಕ್ತಿ ಇಡಬೇಕು, ಚರ್ಮವನ್ನು ಹೇಗೆ ತಣ್ಣಗಿಡಬೇಕು, ಮೊದಲು ಕಿವಿಯ ಹಿಂದೆಯೋ ಗದ್ದದ ಕೆಳಗೋ ಒಂದು ಚೂರು ಜಾಗದಲ್ಲಿ ಹೊಡೆದು ನೋಡಬೇಕೋ ಅನ್ನುವುದು ಚರ್ಮ ಓದಿದವರಿಗೆ ಗೊತ್ತು. ಬ್ಯೂಟಿ ಪಾರ್ಲರ್ ನಡೆಸುವ ನಮ್ಮ ಅಕ್ಕತಂಗಿಯರ ಮೇಲೆ ನಮಗೆ ಗೌರವವಿದೆ. ಸಂಘದ ಸಾಲ ತೆಗೆದು ಸ್ವಂತ ಕಾಲ ಮೇಲೆ ನಿಂತವರು ಅವರು. ಥ್ರೆಡಿಂಗ್ ಅವರ ಕೈಯಲ್ಲಿ ಹೂವು ಎತ್ತಿದಂತೆ. ಆದರೆ ಲೇಸರ್ ಮೆಷಿನ್ನು ಅಂಗಡಿಗೆ ತಂದು ಇಟ್ಟ ಮಾತ್ರಕ್ಕೆ ಈ ವಿದ್ಯೆ ಬರುವುದಿಲ್ಲ.

ಇನ್ನೊಂದು ವಿಷಯವನ್ನು ಯಾವ ಪಾಂಪ್ಲೆಟ್ಟೂ ಹೇಳುವುದಿಲ್ಲ. ಲೇಸರ್ ಮಾಡಿಸಿದ ಮೇಲೆ ಕೆಲವು ವಾರ ಬಿಸಿಲಿಗೆ ಮುಖ ಒಡ್ಡಬಾರದು. ಮನೆಯಿಂದ ಕಾರು, ಕಾರಿಂದ ಎ.ಸಿ. ಆಫೀಸು ಅನ್ನುವವರಿಗೆ ಇದು ಸಾಧ್ಯ. ಮೆಣಸಿನಕಾಯಿ ಬಿಡಿಸುವವಳಿಗೆ, ಹತ್ತಿ ಬಿಡಿಸುವವಳಿಗೆ, ನರೇಗಾದಲ್ಲಿ ಮಣ್ಣು ಹೊರುವವಳಿಗೆ ಹೇಗೆ ಸಾಧ್ಯ? ನಮ್ಮ ಕಡೆ ಮದುವೆಗಳು ಹೆಚ್ಚಾಗಿ ಬೇಸಿಗೆಯಲ್ಲಿ. ಮದುವೆಗೆ ಒಂದು ತಿಂಗಳು ಇರುವಾಗ ಲೇಸರ್ ಮಾಡಿಸಿ, ಏಪ್ರಿಲ್ ಬಿಸಿಲಲ್ಲಿ ಜವಳಿ ತರಲು, ಕಾರ್ಡ್ ಹಂಚಲು ಓಡಾಡಿದರೆ ಇದ್ದ ಬಣ್ಣಕ್ಕಿಂತ ಕಪ್ಪಾಗುವ ಸಾಧ್ಯತೆಯೇ ಹೆಚ್ಚು. ಬಂಗು ಇದ್ದವರಂತೂ ಇನ್ನೂ ಹುಷಾರಾಗಿರಬೇಕು. ಲೇಸರ್ ಹೊಡೆದ ಬಂಗು ಮೊದಲು ಮಾಸಿದಂತೆ ಕಂಡು, ಆಮೇಲೆ ಇಮ್ಮಡಿಯಾಗಿ ತಿರುಗಿ ಬರುವುದುಂಟು. ಪಿಸಿಒಡಿಯ ಕೂದಲಿಗೂ ಅಷ್ಟೇ, ಒಳಗಿನ ಹಾರ್ಮೋನು ಸರಿಯಾಗದೆ ಹೊರಗಿನ ಲೇಸರ್ ಒಂದರಿಂದಲೇ ಅದು ನಿಲ್ಲುವುದಿಲ್ಲ.

ಇನ್ನು ಸೂಜಿಗಳ ಕಡೆ ಬರೋಣ. ಬೋಟಾಕ್ಸ್ ಅನ್ನುವುದು ಒಂದು ಬ್ಯಾಕ್ಟೀರಿಯಾದ ವಿಷವನ್ನು ಶುದ್ಧಮಾಡಿ ಅತಿ ಸಣ್ಣ ಪ್ರಮಾಣದಲ್ಲಿ ಕೊಡುವ ಔಷಧಿ. ಮುಖದ ಸ್ನಾಯುವನ್ನು ಸಡಿಲಿಸಿ ಸುಕ್ಕು ಕಾಣದಂತೆ ಮಾಡುತ್ತದೆ, ಮೂರು ನಾಲ್ಕು ತಿಂಗಳಿಗೆ ಅದರ ಪ್ರಭಾವ ಮುಗಿಯುತ್ತದೆ. ಒಳ್ಳೆಯ ಕೈಯಲ್ಲಿ ಒಳ್ಳೆಯ ಔಷಧಿಯೇ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಮಕ್ಕಳ ಲಸಿಕೆಯನ್ನು ಐಸ್ ಡಬ್ಬಿಯಲ್ಲಿ ಊರಿಗೆ ತರುವುದನ್ನು ನೋಡಿದ್ದೀರಲ್ಲ, ಅಂಥದೇ ಜೋಪಾನ ಇದಕ್ಕೂ ಬೇಕು. ಕರೆಂಟು ಹೋಗಿ ಬಂದು ಮಾಡುವ ನಮ್ಮ ಪಟ್ಟಣಗಳಲ್ಲಿ ಆ ಫ್ರಿಜ್ಜು ಎಲ್ಲಿದೆ ಎಂದು ಕೇಳುವ ಹಕ್ಕು ದುಡ್ಡು ಕೊಡುವವರಿಗಿದೆ. ಫಿಲ್ಲರ್ ಅನ್ನುವುದು ಬೇರೆ. ತುಟಿ, ಕೆನ್ನೆ ತುಂಬಿದಂತೆ ಕಾಣಲು ಒಳಗೆ ತುಂಬುವ ಜೆಲ್. ಅದು ತಪ್ಪಿ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಸಾಯುತ್ತದೆ, ಅಪರೂಪಕ್ಕೆ ಕಣ್ಣೇ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಹೈಲುರಾನಿಕ್ ಆಸಿಡ್ ಜೆಲ್ಲನ್ನು ಕರಗಿಸುವ ಮದ್ದು ಇದೆ, ಆದರೆ ಅದನ್ನು ತಡಮಾಡದೆ ಅಲ್ಲೇ ಕೊಡಬೇಕು. ಅಲ್ಲಿ ಆ ಮದ್ದು ಇಲ್ಲವೆಂದರೆ, ಜಿಲ್ಲಾಸ್ಪತ್ರೆಗೆ ಎರಡು ತಾಸಿನ ಬಸ್ ದಾರಿ ಇರುವವರು ಏನು ಮಾಡಬೇಕು?

ಇವೆಲ್ಲಕ್ಕಿಂತ ಹೆಚ್ಚು ನಮ್ಮನ್ನು ಚಿಂತೆಗೆ ಹಚ್ಚಿರುವುದು ಬಿಳಿಯಾಗುವ ಇಂಜೆಕ್ಷನ್. ಗ್ಲುಟಾಥಯೋನ್ ಅಂತ ಅದರ ಹೆಸರು, 'ಗ್ಲೂಟಾ ಡ್ರಿಪ್' ಅಂತಲೂ ಕರೆಯುತ್ತಾರೆ. ಇದು ನಮ್ಮ ದೇಹದಲ್ಲೇ ತಯಾರಾಗುವ ವಸ್ತು ಎಂದು ಹೇಳಿ ಮಾರುತ್ತಾರೆ. ಅದು ನಿಜ, ಮೋಸ ಇರುವುದು ಅದರ ಮುಂದಿನ ಮಾತಿನಲ್ಲಿ. ಚರ್ಮ ಬಿಳಿ ಮಾಡುವ ಯಾವ ಇಂಜೆಕ್ಷನ್ನಿಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿಲ್ಲ. ಇದರ ಹುಚ್ಚು ಬಹಳ ಹಿಂದೆಯೇ ಹತ್ತಿದ್ದ ಫಿಲಿಪ್ಪೀನ್ಸ್ ದೇಶದ ಔಷಧ ಸಂಸ್ಥೆ 2011ರಲ್ಲೇ ಕಿಡ್ನಿ, ಥೈರಾಯ್ಡ್ ತೊಂದರೆ ಮತ್ತು ಜೀವಕ್ಕೆ ಕುತ್ತು ತರುವ ಚರ್ಮದ ರಿಯಾಕ್ಷನ್ ಬಗ್ಗೆ ಎಚ್ಚರಿಸಿತ್ತು. ಕ್ಯಾನ್ಸರ್ ಔಷಧಿಯ ಜೊತೆ ಕೊಡಲೆಂದು ಅಲ್ಲಿ ಒಪ್ಪಿದ್ದ ಮದ್ದನ್ನು ಮೈಬಣ್ಣಕ್ಕೆ ಏರಿಸುತ್ತಿದ್ದರು.

ದೂರದ ದೇಶದ ಕಥೆ ಅನ್ನಿಸಬಹುದು. ಕೇರಳದ ಮಲಪ್ಪುರಂ ದೂರವೇನಲ್ಲ. ಅಲ್ಲಿನ ಕೋಟ್ಟಕ್ಕಲ್‌ನ ಕಿಡ್ನಿ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಕಿಡ್ನಿ ರೋಗ ಹೆಚ್ಚಾಗಿದ್ದನ್ನು ಗಮನಿಸಿ ಹುಡುಕುತ್ತಾ ಹೋದಾಗ, ಅವರಲ್ಲಿ ಹಲವರು ಪಾದರಸ ಇದ್ದ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದವರು ಎಂದು ತಿಳಿಯಿತು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಯಿತು. ನಮ್ಮೂರ ಮೆಡಿಕಲ್ ಶಾಪುಗಳಲ್ಲಿ ಕೇಳಿದ ಕೂಡಲೇ ಸಿಗುವ ಸ್ಟಿರಾಯ್ಡ್ ಮುಲಾಮಿನ ಕಥೆಯೂ ಇಂಥದೇ. 2018ರಿಂದ ಅವನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಕೈಗೆ ಕೊಡುವವರಿದ್ದಾರೆ. ವರ್ಷಗಟ್ಟಲೆ ಅದನ್ನು ಹಚ್ಚಿ ತೆಳುವಾದ ಚರ್ಮವನ್ನೇ ಹುಡುಗಿಯರು ಆಮೇಲೆ ಲೇಸರ್ ಕೆಳಗೆ ಒಡ್ಡುತ್ತಾರೆ.

ಅಮೆರಿಕದ ಇನ್ನೊಂದು ಸುದ್ದಿಯನ್ನೂ ಹೇಳಬೇಕು, ಏಕೆಂದರೆ ಅಲ್ಲಿಯೇ ಹೀಗಾದರೆ ನಮ್ಮ ಗತಿ ಏನು ಅನ್ನಿಸಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎರಡು ವಿಷಯ ಪ್ರಕಟಿಸಿತು. ಮನೆಗಳಲ್ಲಿ, ಸ್ಪಾಗಳಲ್ಲಿ, ಲೈಸೆನ್ಸ್ ಅಥವಾ ತರಬೇತಿ ಇಲ್ಲದವರಿಂದ ಬೋಟಾಕ್ಸ್ ರೀತಿಯ ಇಂಜೆಕ್ಷನ್ ಹಾಕಿಸಿಕೊಂಡು 11 ರಾಜ್ಯಗಳಲ್ಲಿ 22 ಜನರಿಗೆ ತೊಂದರೆಯಾಗಿತ್ತು, 11 ಜನ ಆಸ್ಪತ್ರೆ ಸೇರಿದ್ದರು. ನ್ಯೂ ಮೆಕ್ಸಿಕೊ ರಾಜ್ಯದ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ, ತಮ್ಮದೇ ರಕ್ತ ತೆಗೆದು ಅದರ ಅಂಶವನ್ನು ಸೂಜಿಯಿಂದ ಮುಖಕ್ಕೆ ಕೊಡುವ ಪಿಆರ್‌ಪಿ ಮಾಡಿಸಿಕೊಂಡ ಮೂವರು ಮಹಿಳೆಯರಿಗೆ ಎಚ್‌ಐವಿ ತಗುಲಿರಬಹುದು ಎಂಬುದು ಇನ್ನೊಂದು. ತಲೆಗೂದಲು ಉದುರುತ್ತದೆ ಎಂದು ನಮ್ಮ ಹುಡುಗರು ಮಾಡಿಸುವುದೂ ಇದೇ ಪಿಆರ್‌ಪಿ. ಹೊಸ ಸೂಜಿ ನಿಮ್ಮ ಕಣ್ಣೆದುರೇ ಒಡೆದರಾ ಅನ್ನುವುದು ಅವರಿಗೂ ಅನ್ವಯ.

ಯಾಕಿಷ್ಟು ಅವಸರ ಅಂದರೆ, ಕನ್ಯಾ ನೋಡಲು ಬರುವವರ ಬಾಯಲ್ಲಿ ಇವತ್ತಿಗೂ ಇರುವ ಆ ಮಾತು: "ಹುಡುಗಿ ಚೊಲೋ ಐತಿ, ಬಣ್ಣ ಸ್ವಲ್ಪ ಕಡಿಮಿ." ಒಂದು ಕ್ರೀಮಿನ ಕಂಪನಿ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಇಟ್ಟುಕೊಂಡಿತು. ನಮ್ಮ ಬೀಗರು ಇನ್ನೂ ಹೆಸರು ಬದಲಿಸಿಲ್ಲ. ವರದಕ್ಷಿಣೆಯ ಲೆಕ್ಕದಲ್ಲಿ ಬರೆಯದ ಖರ್ಚು ಇದು. ಹೆಣ್ಣಿನ ಕಡೆಯವರೇ ಭರಿಸುತ್ತಾರೆ, ಗುಟ್ಟಾಗಿ. ಗುಟ್ಟು ಇರುವುದರಿಂದಲೇ ಏನಾದರೂ ಕೆಟ್ಟರೆ ಯಾರೂ ದೂರು ಕೊಡುವುದಿಲ್ಲ. ನಿಶ್ಚಯ ಮುರಿದೀತು ಅನ್ನುವ ಭಯಕ್ಕೆ ಸುಟ್ಟ ಮುಖದ ಮೇಲೆ ಪೌಡರ್ ಬಳಿದು ಸುಮ್ಮನಾಗುತ್ತಾರೆ.

ಸರ್ಕಾರಿ ದಾರಿ ಇಲ್ಲವೇ? ಇದೆ. ಹುಬ್ಬಳ್ಳಿ, ಬಳ್ಳಾರಿ, ಬೆಳಗಾವಿ, ರಾಯಚೂರು, ಗದಗದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ತಜ್ಞರಿದ್ದಾರೆ. ಬಂಗು, ಮೊಡವೆ, ತೊನ್ನು, ಸುಟ್ಟ ಕಲೆ ಎಲ್ಲಕ್ಕೂ ಅಲ್ಲಿ ತೋರಿಸಬಹುದು. ಆದರೆ ನಮ್ಮ ಹೆಣ್ಣುಮಕ್ಕಳು ಆ ಸಾಲಿನಲ್ಲಿ ನಿಲ್ಲಲು ಹಿಂಜರಿಯುವ ಒಂದು ಕಾರಣ ಬಾಗಿಲ ಮೇಲಿನ ಬೋರ್ಡು: 'ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗ'. ವೈದ್ಯಶಾಸ್ತ್ರದಲ್ಲಿ ಎರಡೂ ಒಂದೇ ವಿಭಾಗ ಇರಬಹುದು, ಊರಿನವರು ಯಾರಾದರೂ ನೋಡಿಯಾರು ಅನ್ನುವ ಅಂಜಿಕೆ ಹುಡುಗಿಗಿರುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ಸಾಲು, 'ಚರ್ಮ ವಿಭಾಗ' ಎಂಬಷ್ಟೇ ಬೋರ್ಡು ಇರಲಿ ಎಂದು ನಾವು ಕೇಳುತ್ತೇವೆ. ಪಿಸಿಒಡಿ ಕೂದಲಿಗೆ, ಸುಟ್ಟ ಕಲೆಗೆ ಪ್ರತಿ ಜಿಲ್ಲೆಯಲ್ಲೂ ಒಂದು ಒಳ್ಳೆಯ ಲೇಸರ್ ಮೆಷಿನ್ನು ಸರ್ಕಾರದ್ದೇ ಇರಬೇಕು ಎಂದೂ ಕೇಳುತ್ತೇವೆ. ಇದನ್ನು ಶೋಕಿ ಅನ್ನುವವರು ಆ ವೇಲ್ ಮುಚ್ಚಿದ ಹುಡುಗಿಯ ಜೊತೆ ಒಂದು ದಿನ ಕಾಲೇಜಿಗೆ ಹೋಗಿ ಬರಲಿ.

ಖಾಸಗಿಯಲ್ಲೇ ಮಾಡಿಸುತ್ತೀರಾದರೆ ಡಾಕ್ಟರ ಹೆಸರಿನ ಮುಂದೆ ಚರ್ಮರೋಗದ ಎಂ.ಡಿ. ಅಥವಾ ಡಿಪ್ಲೊಮಾ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಕೆಲವು ವಾರಗಳ ಕಾಸ್ಮೆಟಾಲಜಿ ಸರ್ಟಿಫಿಕೇಟು ಅದಕ್ಕೆ ಸಮವಲ್ಲ, ಗೋಡೆ ಮೇಲೆ ಎಷ್ಟು ದೊಡ್ಡ ಫ್ರೇಮಿನಲ್ಲಿ ತೂಗುಹಾಕಿದ್ದರೂ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು, ಆ ಪತ್ರ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಔಷಧಿಯ ಹೆಸರು, ಬ್ಯಾಚ್ ನಂಬರ್ ಬರೆದ ಬಿಲ್ ಕೇಳಿ, ಚಿಕಿತ್ಸೆಗೆ ಮೊದಲು ನಿಮ್ಮದೇ ಫೋನಿನಲ್ಲಿ ಮುಖದ ಫೋಟೋ ತೆಗೆದಿಡಿ. ಏನಾದರೂ ಕೆಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.