ನಡುಹಾದಿಯ ಗುರುಪಲ್ಲಟ

ಒಂದು ತಂಡ ತನ್ನ ಯಾತ್ರೆಯ ನಡುಹಾದಿಯಲ್ಲಿರುವಾಗ ಅದರ ತರಬೇತುದಾರನನ್ನು ಬದಲಿಸುವುದು ಯುಕ್ತವೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಕೇವಲ ಆಟದ ಮಾತೆಂದು ತೋರಬಹುದು. ಆದರೆ ಕಾರ್ಯದ ಫಲವನ್ನು ಕಂಡು ಕರ್ತೃವಿನ ಯೋಗ್ಯತೆಯನ್ನು ಅಳೆಯುವುದು ಎಷ್ಟರಮಟ್ಟಿಗೆ ಸಾಧು ಎಂಬ ಬಹು ಪುರಾತನವಾದ ಜಿಜ್ಞಾಸೆಯೇ ಅದರ ಒಡಲಲ್ಲಿ ಅಡಗಿದೆ. ದುಬೈ ಮತ್ತು ಅಬುಧಾಬಿಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಈ ಪ್ರಶ್ನೆ ಪರೋಕ್ಷವಾದುದಲ್ಲ. 2021ರ ಐಪಿಎಲ್ ಪಂದ್ಯಾವಳಿ ಸೋಂಕಿನ ಕಾರಣದಿಂದ ಮೇ ತಿಂಗಳ ಆದಿಯಲ್ಲಿ ಭಾರತದಲ್ಲಿ ನಿಂತುಹೋಗಿ, ಸೆಪ್ಟೆಂಬರಿನಲ್ಲಿ ದುಬೈ, ಅಬುಧಾಬಿ, ಶಾರ್ಜಾಗಳ ಮೈದಾನಗಳಲ್ಲಿ ಮುಂದುವರಿಯುವ ಹೊತ್ತಿಗೆ, ಬೆಂಗಳೂರಿನ ತಂಡವಾದ ಆರ್‌ಸಿಬಿಯ ಗುರುಪೀಠ ಬರಿದಾಗಿ ಮತ್ತೆ ತುಂಬಿತ್ತು. ತರಬೇತುದಾರ ಸೈಮನ್ ಕ್ಯಾಟಿಚ್ ವೈಯಕ್ತಿಕ ಕಾರಣಗಳಿಂದ ಆಗಸ್ಟಿನಲ್ಲಿ ಹಿಂದೆ ಸರಿದರು. ತಂಡದ ಕ್ರಿಕೆಟ್ ವ್ಯವಹಾರಗಳ ನಿರ್ದೇಶಕರಾಗಿದ್ದ ಮೈಕ್ ಹೆಸ್ಸನ್ ಆ ಭಾರವನ್ನೂ ಹೊತ್ತರು. ಏಳು ಪಂದ್ಯಗಳಲ್ಲಿ ಐದನ್ನು ಗೆದ್ದು ಸುಸ್ಥಿತಿಯಲ್ಲಿದ್ದ ತಂಡವೊಂದು ಹೀಗೆ ಅರ್ಧದಾರಿಯಲ್ಲಿ ಮತ್ತೊಬ್ಬರ ಕೈಗೆ ಬಂದಿತು.

ಆಮೇಲೆ ನಡೆದುದನ್ನು ಆರ್‌ಸಿಬಿಯ ಅಭಿಮಾನಿಗಳು ಮರೆತಿಲ್ಲ. ಸೆಪ್ಟೆಂಬರ್ 20ರಂದು ಅಬುಧಾಬಿಯ ಶೇಖ್ ಜಾಯೆದ್ ಕ್ರೀಡಾಂಗಣದಲ್ಲಿ ಕೋಲ್ಕತ್ತಾದ ಎದುರು ತಂಡ 92 ರನ್ನುಗಳಿಗೆ ಕುಸಿದು ಒಂಬತ್ತು ವಿಕೆಟ್‌ಗಳ ಸೋಲನ್ನುಂಡಿತು. ನಾಲ್ಕು ದಿನಗಳ ಅನಂತರ ಶಾರ್ಜಾದಲ್ಲಿ ಚೆನ್ನೈಗೆ ಸೋತಿತು. ದುಬೈಯ ಕರಾಮಾದ ಉಪಾಹಾರಗೃಹಗಳಲ್ಲಿಯೂ ದೇರಾದ ಬ್ಯಾಚುಲರ್ ಕೊಠಡಿಗಳಲ್ಲಿಯೂ ಹೆಸ್ಸನ್ನರ ಮೇಲೆ ದೋಷಾರೋಪ ಮಾಡಲು ಅಷ್ಟು ಸಾಕಾಗಿತ್ತು. ಆದರೆ 26ರಂದು ದುಬೈಯಲ್ಲಿ ಹರ್ಷಲ್ ಪಟೇಲರ ಹ್ಯಾಟ್ರಿಕ್ಕಿನ ಬಲದಿಂದ ಮುಂಬಯಿಯನ್ನು 54 ರನ್ನುಗಳಿಂದ ಮಣಿಸಿ, ರಾಜಸ್ಥಾನವನ್ನೂ ಪಂಜಾಬನ್ನೂ ಒಂದರ ಬೆನ್ನಿಗೊಂದರಂತೆ ಗೆದ್ದು, ಅಕ್ಟೋಬರ್ 8ರಂದು ಕೊನೆಯ ಎಸೆತದಲ್ಲಿ ಶ್ರೀಕರ್ ಭರತ್ ಬಾರಿಸಿದ ಸಿಕ್ಸರಿನಿಂದ ದೆಹಲಿಯನ್ನು ಸೋಲಿಸಿದಾಗ, ಅದೇ ಹೆಸ್ಸನ್ನರು ದೂರದರ್ಶಿಯೆನಿಸಿದರು. ಮೂರು ದಿನ ಕಳೆಯುವುದರೊಳಗೆ ಶಾರ್ಜಾದ ಎಲಿಮಿನೇಟರ್ ಪಂದ್ಯದಲ್ಲಿ ಕೋಲ್ಕತ್ತಾದ ಸುನಿಲ್ ನರೈನರ ನಾಲ್ಕು ವಿಕೆಟ್‌ಗಳು ಆ ಕೀರ್ತಿಯನ್ನೂ ಅಳಿಸಿಹಾಕಿದವು. ಮೂರು ವಾರಗಳ ಅವಧಿಯಲ್ಲಿ ಒಬ್ಬನೇ ಮನುಷ್ಯ ಅಸಮರ್ಥನೂ ಸಮರ್ಥನೂ ಪುನಃ ಅಸಮರ್ಥನೂ ಆದನೆಂದರೆ, ಬದಲಾದದ್ದು ಆತನ ಜ್ಞಾನವಲ್ಲ, ನಾವು ಹಿಡಿದಿದ್ದ ಅಳತೆಗೋಲು ಎಂಬುದು ಸ್ಪಷ್ಟವಾಗಿದೆ.

ಕಾರಣಗಳನ್ನು ಶೋಧಿಸಹೊರಟವನಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಆ ಅವಧಿಯಲ್ಲಿ ಬದಲಾದದ್ದು ಗುರುವೊಬ್ಬನೇ ಅಲ್ಲ. ಆಡಂ ಜಂಪಾ ಮೊದಲಾದವರ ಸ್ಥಾನಕ್ಕೆ ಹಸರಂಗ, ಚಮೀರ ಮೊದಲಾದವರು ಬಂದಿದ್ದರು. ಋತು ಮುಗಿದೊಡನೆ ನಾಯಕತ್ವವನ್ನು ತ್ಯಜಿಸುವುದಾಗಿ ವಿರಾಟ್ ಕೊಹ್ಲಿ ಸೆಪ್ಟೆಂಬರ್ 19ರಂದು ಸಾರಿದ್ದರು. ಭಾರತದ ನೆಲದಿಂದ ಮರಳುನಾಡಿನ ನೆಲಕ್ಕೆ ಪಂದ್ಯಾವಳಿಯೇ ಸ್ಥಳಾಂತರಗೊಂಡಿತ್ತು. ಇಷ್ಟೊಂದು ವಿಷಯಗಳು ಏಕಕಾಲದಲ್ಲಿ ಪಲ್ಲಟಗೊಂಡಿರುವಲ್ಲಿ ಒಂದನ್ನೇ ಎತ್ತಿಹಿಡಿದು ಇದೇ ಕಾರಣವೆನ್ನುವುದು ತರ್ಕಸಮ್ಮತವಲ್ಲ. ಅದೇ ಋತುವಿನಲ್ಲಿ ಕೋಲ್ಕತ್ತಾದ ತಂಡ ಭಾರತದಲ್ಲಿ ಆಡಿದ ಏಳರಲ್ಲಿ ಎರಡನ್ನು ಮಾತ್ರ ಗೆದ್ದು ಎಮಿರೇಟ್ಸಿಗೆ ಬಂದಿತ್ತು; ಗುರು ಬ್ರೆಂಡನ್ ಮೆಕಲಮ್ಮರನ್ನು ಅಲುಗಿಸದೆ ಉಳಿದ ಏಳರಲ್ಲಿ ಐದನ್ನು ಗೆದ್ದು, ದುಬೈಯ ಅಂತಿಮ ಪಂದ್ಯದವರೆಗೂ ನಡೆಯಿತು. ಅದೇ ತಂಡ ಹಿಂದಿನ ವರ್ಷ, ಇದೇ ನಾಡಿನಲ್ಲಿ, ಏಳರಲ್ಲಿ ನಾಲ್ಕನ್ನು ಗೆದ್ದಿದ್ದಾಗ ನಡುವೆ ನಾಯಕನನ್ನು ಬದಲಿಸಿ, ಅನಂತರದ ಏಳರಲ್ಲಿ ಮೂರನ್ನು ಗೆದ್ದು, ರನ್ ಸರಾಸರಿಯ ಕೊರತೆಯಿಂದ ಐದನೆಯ ಸ್ಥಾನದಲ್ಲಿ ನಿಂತುಬಿಟ್ಟಿತ್ತು. ಇವೆರಡರಿಂದ ಬದಲಾವಣೆ ಸದಾ ಕೆಡುಕೆಂದು ಸಾಧಿಸಲು ನಾನು ಹೊರಟಿಲ್ಲ. ಫಲದಿಂದ ಹೊರಟ ವಾದ ಎರಡೂ ಕಡೆಗೆ ಸಮನಾಗಿ ಒಲೆಯಬಲ್ಲುದೆಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ಹೊಸ ಗುರು ಬಂದೊಡನೆ ತಂಡ ಚೇತರಿಸಿಕೊಂಡಿತೆಂಬ ಮಾತು ಕೇಳಿಬರುವುದು ಏತಕ್ಕೆ ಎಂಬುದನ್ನು ವಿಚಾರಮಾಡಬೇಕು. ಯಾವ ತಂಡವೂ ತನ್ನ ಯಥಾರ್ಥ ಸಾಮರ್ಥ್ಯಕ್ಕಿಂತ ಬಹಳ ಕೆಳಗೆ ಬಹುಕಾಲ ನಿಲ್ಲುವುದಿಲ್ಲ. ಗುರುವನ್ನು ತೆಗೆಯುವುದಾದರೋ ತಂಡ ಅತ್ಯಂತ ಕೆಳಗಿಳಿದಿರುವ ಘಳಿಗೆಯಲ್ಲಿ. ಆದಕಾರಣ ಆ ಘಳಿಗೆಯಲ್ಲಿ ಯಾರೇ ಬರಲಿ, ಯಾರೂ ಬಾರದಿರಲಿ, ಮುಂದಿನ ಹೆಜ್ಜೆ ಬಹುಮಟ್ಟಿಗೆ ಮೇಲ್ಮುಖವಾಗಿಯೇ ಇರುತ್ತದೆ. ಜ್ವರ ಏರಿ ಇಳಿಯುವ ಸಂಧಿಯಲ್ಲಿ ವೈದ್ಯನನ್ನು ಬದಲಿಸಿದ ಮನೆಯವರು ಹೊಸ ವೈದ್ಯನ ಕೈಗುಣವನ್ನು ಕೊಂಡಾಡುವುದು ಈ ಬಗೆಯದೇ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್, 1986ರಿಂದ 2004ರವರೆಗಿನ ತಮ್ಮ ದೇಶದ ಫುಟ್‌ಬಾಲ್ ತಂಡಗಳನ್ನು ಪರೀಕ್ಷಿಸಿ, ಸೋಲಿನ ಸರಣಿಯ ಅನಂತರ ಗುರುವನ್ನು ಬದಲಿಸಿದ ತಂಡಗಳನ್ನೂ ಅಂಥದೇ ಸರಣಿಯನ್ನು ಕಂಡು ಬದಲಿಸದೆ ಉಳಿದ ತಂಡಗಳನ್ನೂ ಹೋಲಿಸಿದಾಗ, ಬದಲಾವಣೆಯಿಂದ ವಿಶೇಷ ಲಾಭವೇನೂ ಕಾಣಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನ 1997ರಿಂದ 2010ರವರೆಗಿನ ಇತಿಹಾಸವನ್ನು ಕುರಿತ ಮತ್ತೊಂದು ಅಧ್ಯಯನದಲ್ಲಿ, ತೀರ ದುರ್ಬಲವಾದ ತಂಡಗಳಿಗೆ ಹೊಸ ಗುರುವಿನಿಂದ ಹೆಚ್ಚೇನೂ ಆಗದೆ, ಮಧ್ಯಮ ಸ್ಥಿತಿಯ ತಂಡಗಳಿಗೆ ಕೇಡೇ ಆದದ್ದು ಕಂಡುಬಂದಿತು.

ಇದಕ್ಕೆ ಹೊರಗಿನ ಸಾಕ್ಷ್ಯವನ್ನೇ ಅರಸಬೇಕಾಗಿಲ್ಲ. 2024ರಲ್ಲಿ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತ್ತು. ಹಿಂದಿನ ವರ್ಷವಷ್ಟೇ ಗುರುವಾಗಿ ಬಂದಿದ್ದ ಆಂಡಿ ಫ್ಲವರ್ ಹೊರಟುಹೋಗಬೇಕೆಂದು ಬಯಸಿದವರಿದ್ದರೆ ಆ ಬಯಕೆ ಅಸಹಜವೆನಲಾಗದು. ಆಡಳಿತ ಕದಲಲಿಲ್ಲ, ತಂಡ ಮುಂದಿನ ಆರನ್ನೂ ಗೆದ್ದು ಎಲಿಮಿನೇಟರ್ ತಲುಪಿತು, ಮರುವರ್ಷ ಜೂನ್ 3ರಂದು ಅಹಮದಾಬಾದಿನಲ್ಲಿ, ಬಹುಕಾಲದಿಂದ ‘ಈ ಸಲ ಕಪ್ ನಮ್ದೇ’ ಎನ್ನುತ್ತ ಬಂದವರ ಮಾತು, ಅದೇ ಫ್ಲವರರ ಕಾಲದಲ್ಲಿ ನಿಜವಾಯಿತು. ಒಂದು ಕ್ಷಣ ಹೀಗೆ ಊಹಿಸಿಕೊಳ್ಳಿರಿ: ಎಂಟನೆಯ ಪಂದ್ಯದ ಮರುದಿನ ಫ್ಲವರರನ್ನು ಕಳುಹಿಸಿ ಬೇರೊಬ್ಬರನ್ನು ಕರೆತಂದಿದ್ದರೆ, ಮುಂದಿನ ಆರು ಜಯಗಳು ಆ ಬೇರೊಬ್ಬರ ಪ್ರತಿಭೆಯ ಸಾಕ್ಷ್ಯವಾಗಿ ದಾಖಲಾಗುತ್ತಿದ್ದವಲ್ಲವೇ? ‘ಬದಲಿಸಿದ್ದರಿಂದ ಗೆದ್ದೆವು’ ಎಂದು ನಾವೆಲ್ಲ ಸದ್ಭಾವದಿಂದಲೇ ನಂಬುತ್ತಿದ್ದೆವು. ಆ ನಂಬಿಕೆಯನ್ನು ಸುಳ್ಳೆಂದು ತೋರಿಸುವ ಸಾಧನ ಯಾರ ಕೈಯಲ್ಲಿಯೂ ಇರುತ್ತಿರಲಿಲ್ಲ.

ಎಮಿರೇಟ್ಸಿನ ರಾಷ್ಟ್ರೀಯ ಫುಟ್‌ಬಾಲ್ ತಂಡದ ಚರಿತ್ರೆಯಲ್ಲಿ ಈ ವಿಷಯ ಇನ್ನೂ ಗಾಢವಾಗಿ ಬರೆಯಲ್ಪಟ್ಟಿದೆ. ಇಲ್ಲಿ ಬಾಳುವ ನಾವು ಅದನ್ನು ಓದಬೇಕಾದಷ್ಟು ಓದಿಲ್ಲ. 1989ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ತಂಡವನ್ನು ವಿಶ್ವಕಪ್ಪಿಗೆ ಅರ್ಹಗೊಳಿಸಿದವರು ಬ್ರೆಜಿಲಿನ ಮಾರಿಯೋ ಝಗಾಲೊ. ಆದರೆ 1990ರಲ್ಲಿ ಇಟಲಿಯ ಅಂಗಣದ ಅಂಚಿನಲ್ಲಿ ನಿಂತವರು ಅವರಲ್ಲ. ಅಷ್ಟರೊಳಗೆ ಅವರ ಸ್ಥಾನ ತಪ್ಪಿ, ಈ ತಂಡವನ್ನು ಹಿಂದೊಮ್ಮೆ ತಿದ್ದಿದ್ದ ಕಾರ್ಲೋಸ್ ಆಲ್ಬರ್ಟೊ ಪರೇರಾ ಮರಳಿ ಬಂದಿದ್ದರು. ತಂಡ ಕೊಲಂಬಿಯಾ, ಪಶ್ಚಿಮ ಜರ್ಮನಿ, ಯುಗೊಸ್ಲಾವಿಯಾಗಳಿಗೆ ಸೋತು ಮರಳಿತು. ಆ ಜರ್ಮನಿಯೇ ವಿಶ್ವವಿಜೇತವಾದುದರಿಂದ ಝಗಾಲೊ ಇದ್ದಿದ್ದರೆ ಫಲ ಬೇರೆಯಾಗುತ್ತಿತ್ತೆಂದು ಹೇಳಲಾಗದು. ಫಲದ ಮಾತು ಹಾಗಿರಲಿ, ನೆಟ್ಟವನ ಕೈಯಿಂದ ಕೊಯ್ಲನ್ನು ಕಸಿದುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಫಲವನ್ನು ಅವಲಂಬಿಸಿ ನಿಂತಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ಮೆಹ್ದಿ ಅಲಿಯವರದು. ನನ್ನ ವಾದಕ್ಕೆಲ್ಲ ಆಧಾರಸ್ತಂಭವೂ ಅದೇ. ಈ ನಾಡಿನವರೇ ಆದ, ವೃತ್ತಿಯಿಂದ ಇಂಜಿನಿಯರರಾದ ಅವರು, 2008ರಲ್ಲಿ ಹತ್ತೊಂಬತ್ತರೊಳಗಿನ ಹುಡುಗರೊಡನೆ ಏಷ್ಯಾದ ಪ್ರಶಸ್ತಿಯನ್ನು ಗೆದ್ದರು. ಅದೇ ಹುಡುಗರೊಡನೆ ಮರುವರ್ಷ ಈಜಿಪ್ಟಿನಲ್ಲಿ ಕಿರಿಯರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಮುಟ್ಟಿದರು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳ ಬೆಳ್ಳಿ, 2012ರಲ್ಲಿ ಲಂಡನ್ ಒಲಿಂಪಿಕ್ಸ್, ಅದೇ ವರ್ಷ ಹಿರಿಯರ ತಂಡದ ಹೊಣೆ, 2013ರಲ್ಲಿ ಬಹರೈನಿನಲ್ಲಿ ಗಲ್ಫ್ ಕಪ್, 2015ರಲ್ಲಿ ಸಿಡ್ನಿಯಲ್ಲಿ ಹಾಲಿ ವಿಜೇತ ಜಪಾನನ್ನು ಪೆನಾಲ್ಟಿಗಳಲ್ಲಿ ಕೆಡಹಿ ಏಷ್ಯಾ ಕಪ್ಪಿನ ಮೂರನೆಯ ಸ್ಥಾನ. ಒಮರ್ ಅಬ್ದುಲ್ ರಹಮಾನ್, ಅಲಿ ಮಬ್ಖೂತ್, ಅಹ್ಮದ್ ಖಲೀಲರೆಂಬ ಮೂವರ ಪರಸ್ಪರ ಅರಿವು ಒಂದು ಋತುವಿನಲ್ಲಿ ಮೂಡಿದ್ದಲ್ಲ. ಒಬ್ಬನೇ ಗುರು ವರ್ಷಗಟ್ಟಲೆ ಅವರೊಡನೆ ಬೆಳೆದು ಮೂಡಿಸಿದ್ದು. 2017ರ ಮಾರ್ಚಿನಲ್ಲಿ ಜಪಾನಿಗೂ ಆಸ್ಟ್ರೇಲಿಯಾಕ್ಕೂ ಸೋತೊಡನೆ ಅವರು ರಾಜೀನಾಮೆಯಿತ್ತರು. ಅಲ್ಲಿಂದ ಮುಂದಕ್ಕೆ ಆ ಪೀಠ ನೆಲೆಯನ್ನೇ ಕಾಣಲಿಲ್ಲ. 2017ರಲ್ಲಿಯೇ ಬಂದ ಬೌಸಾ ಕೆಲವೇ ತಿಂಗಳಲ್ಲಿ ಸೌದಿಯ ತಂಡಕ್ಕೆ ಹೊರಟರು. ಝಕೆರೋನಿಯ ಕಾಲದಲ್ಲಿ ಅಬುಧಾಬಿಯಲ್ಲಿಯೇ ಏಷ್ಯಾ ಕಪ್ ಸೆಮಿಫೈನಲನ್ನು ಕತಾರಿಗೆ ನಾಲ್ಕು ಗೋಲುಗಳಿಂದ ಸೋತದ್ದಾಯಿತು. ವಾನ್ ಮಾರ್ವೈಕ್ 2019ರಲ್ಲಿಯೇ ಬಂದು ಹೋಗಿ, ಮರುವರ್ಷ ಪುನಃ ಕರೆಸಲ್ಪಟ್ಟು, 2022ರಲ್ಲಿ ಪುನಃ ಕಳುಹಿಸಲ್ಪಟ್ಟರು. ಆ ನಡುವಿನ ಯೊವಾನೊವಿಚರಂತೂ ಒಂದೇ ಒಂದು ಪಂದ್ಯವನ್ನು ನಡೆಸುವ ಮೊದಲೇ ನಿರ್ಗಮಿಸಿದರು. 2025ರ ಮಾರ್ಚಿನಲ್ಲಿ ಪಾವ್ಲೊ ಬೆಂಟೊ ಉತ್ತರ ಕೊರಿಯಾವನ್ನು ಸೋಲಿಸಿದ ಮರುದಿನವೇ ಪದಚ್ಯುತರಾದರು. ಅವರ ತರುವಾಯ ಬಂದ ಒಲರೊಯು ಕಾಲದಲ್ಲಿ, ಆ ನವೆಂಬರಿನಲ್ಲಿ, ಬಸ್ರಾದಲ್ಲಿ ಪಂದ್ಯದ ಕೊನೆಯ ಕ್ಷಣಗಳಲ್ಲಿ ಇರಾಕಿಗೆ ಸೋತು ವಿಶ್ವಕಪ್ಪಿನ ಬಾಗಿಲು ಮುಚ್ಚಿತು. 1990ರಿಂದೀಚೆಗೆ ಅದು ತೆರೆದೇ ಇಲ್ಲ.

ಇಷ್ಟಾದರೂ ನಡುಹಾದಿಯ ಬದಲಾವಣೆ ಜಯವನ್ನು ತಂದ ಪ್ರಸಿದ್ಧ ಉದಾಹರಣೆಯೊಂದುಂಟು. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. 1989ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಗುರು ಬಿಲ್ ಫ್ರೀಡರ್ ಬೇರೊಂದು ವಿಶ್ವವಿದ್ಯಾಲಯದ ಉದ್ಯೋಗವನ್ನು ಒಪ್ಪಿಕೊಂಡುದರಿಂದ, ರಾಷ್ಟ್ರೀಯ ಪಂದ್ಯಾವಳಿಯ ಹೊಸ್ತಿಲಿನಲ್ಲಿಯೇ ಅವರನ್ನು ಬಿಡಿಸಿ, ಸಹಾಯಕರಾಗಿದ್ದ ಸ್ಟೀವ್ ಫಿಷರರಿಗೆ ತಂಡವನ್ನು ಒಪ್ಪಿಸಲಾಯಿತು. ಫಿಷರ್ ಆರಕ್ಕೆ ಆರೂ ಪಂದ್ಯಗಳನ್ನು ಗೆದ್ದು, ಸಿಯಾಟಲಿನಲ್ಲಿ ಸೀಟನ್ ಹಾಲ್ ತಂಡವನ್ನು 80-79ರಿಂದ ಮಣಿಸಿ, ವಿಜೇತರಾದರು. ಬದಲಾವಣೆಯ ಪಕ್ಷದವರು ಇದನ್ನು ಉಲ್ಲೇಖಿಸುವುದುಂಟು. ಆದರೆ ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಜಯಿಸಿದ್ದು ನೂತನತೆಯಲ್ಲ. ಫಿಷರ್ ಆ ಹುಡುಗರನ್ನು ಬಲ್ಲವರು. ಅವರ ಅಭ್ಯಾಸ, ವ್ಯೂಹ, ದೌರ್ಬಲ್ಯಗಳೆಲ್ಲವೂ ಅವರಿಗೆ ಪರಿಚಿತ. ಹೆಸರು ಬದಲಾಯಿತು, ಶಿಕ್ಷಣದ ಧಾರೆ ಕಡಿಯಲಿಲ್ಲ. ಹೆಸ್ಸನ್ನರ ವಿಷಯದಲ್ಲಿಯೂ ನನಗೆ ಸಮಾಧಾನವಿರುವುದು ಇದೇ ಕಾರಣದಿಂದ: ಆಟಗಾರರ ಆಯ್ಕೆಯಲ್ಲಿಯೇ ಪಾಲುಗಾರರಾಗಿದ್ದವರು ಅವರು; ಕ್ಯಾಟಿಚ್ ತೆರಳಿದ ಮೇಲೆ ಅಪರಿಚಿತನೊಬ್ಬನನ್ನು ಆಗಸ್ಟಿನಲ್ಲಿ ಹುಡುಕಿ ಸೆಪ್ಟೆಂಬರಿನಲ್ಲಿ ಅಬುಧಾಬಿಗೆ ಕರೆತರುವುದಕ್ಕಿಂತ ಅದು ವಿವೇಕದ ನಿರ್ಣಯ. 92ಕ್ಕೆ ಕುಸಿದ ದಿನವೂ ಅದು ವಿವೇಕದ ನಿರ್ಣಯವೇ ಆಗಿತ್ತು.

ಇನ್ನು, ಗುರುವಿಗೂ ನಾಯಕನಿಗೂ ನಡುವಣ ವಿಶ್ವಾಸವೇ ಮುರಿದುಬಿದ್ದರೆ ಏನು ಮಾಡಬೇಕೆಂಬ ಆಕ್ಷೇಪಕ್ಕೆ ತೂಕವಿದೆ. ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ 2016ರ ಜೂನಿನಲ್ಲಿ ಭಾರತ ತಂಡದ ಗುರುವಾಗಿ, ಟೆಸ್ಟ್ ಸರಣಿಗಳನ್ನು ಸಾಲಾಗಿ ಗೆದ್ದು, ಒಂದೇ ವರ್ಷದಲ್ಲಿ ಬಿಟ್ಟು ಹೊರಟರು. ತಮ್ಮ ರೀತಿಯ ಬಗೆಗೆ ನಾಯಕನಿಗೆ ಅಸಮಾಧಾನವಿದೆಯೆಂದು ತಿಳಿದ ಮೇಲೆ ಮುಂದುವರಿಯುವುದು ಸಾಧ್ಯವಿಲ್ಲವೆಂದು ಅವರೇ ಬಹಿರಂಗವಾಗಿ ತಿಳಿಸಿದರು. ಅಂಥಲ್ಲಿ ಬದಲಾವಣೆ ಅನಿವಾರ್ಯ; ದುರ್ನಡತೆ ಕಂಡಲ್ಲಿ ಅದು ಕರ್ತವ್ಯ. ಆದರೆ ಈ ಎರಡು ಕಾರಣಗಳೂ ಅಂಕಪಟ್ಟಿಯನ್ನು ನೋಡಿ ನಿರ್ಧರಿಸುವಂಥವಲ್ಲ. ಗೆದ್ದ ಕುಂಬ್ಳೆಯವರಿಗೂ ಮೊದಲನೆಯದು ಅನ್ವಯಿಸಿತಲ್ಲವೇ?

ಎಮಿರೇಟ್ಸಿನ ಕನ್ನಡಿಗರು ಈ ಚರ್ಚೆಗೆ ವಿಶಿಷ್ಟವಾದೊಂದು ಅರ್ಹತೆಯನ್ನು ತರುತ್ತಾರೆಂದು ನಾನು ಬಲವಾಗಿ ನಂಬಿದ್ದೇನೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಬಂದು ಇಲ್ಲಿ ದುಡಿಯುವ ಬಹುಪಾಲು ಮಂದಿಯ ವಾಸದ ಪರವಾನಿಗೆಯೇ ಉದ್ಯೋಗದ ಕರಾರಿಗೆ ಕಟ್ಟಲ್ಪಟ್ಟಿದೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಶಾಸನದ ಪ್ರಕಾರ ಇಲ್ಲಿ ಒಬ್ಬ ಸಾಮಾನ್ಯ ಗುಮಾಸ್ತನನ್ನೂ ಪರೀಕ್ಷಾವಧಿಯಲ್ಲಿ ತೆಗೆಯಬೇಕಾದರೆ ಹದಿನಾಲ್ಕು ದಿನಗಳ ಮುನ್ಸೂಚನೆ ಕೊಡಬೇಕು. ಆ ಅವಧಿಯೂ ಆರು ತಿಂಗಳನ್ನು ಮೀರಕೂಡದು. ಒಂದು ತ್ರೈಮಾಸಿಕದ ಲೆಕ್ಕ ಕೆಟ್ಟಿತೆಂದು ವರ್ಷಗಳ ದುಡಿಮೆಯನ್ನು ಅಲ್ಲಗಳೆಯುವುದು ಎಂಥ ಅನ್ಯಾಯವೆಂದು ಈ ಜನ ಅನುಭವದಿಂದ ಬಲ್ಲರು. ತಮಗೆ ಸಲ್ಲಬೇಕೆಂದು ಬಯಸುವ ನ್ಯಾಯವನ್ನು ಅವರು ಕ್ರೀಡಾಂಗಣದ ಅಂಚಿನಲ್ಲಿ ನಿಂತವನಿಗೂ ಸಲ್ಲಿಸಬಲ್ಲರು. ಸಲ್ಲಿಸುವುದು ಅವರಿಗೆ ಉಳಿದವರಿಗಿಂತ ಸುಲಭ.

ಆದುದರಿಂದ ಅಭಿಮಾನಿಗಳು ವಾದಿಸುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆ ಮರೆಯುವುದನ್ನು ನೆನಪಿಟ್ಟುಕೊಳ್ಳುವವರು ಅವರೇ. ಆದರೆ ವಾದ ಸೋಲಿನ ರಾತ್ರಿ ಆರಂಭವಾಗುವ ಬದಲು ನೇಮಕದ ದಿನವೇ ಆರಂಭವಾಗಬೇಕು: ಇವರಿಗೆ ಕೊಟ್ಟಿರುವ ಅವಧಿ ಎಷ್ಟು, ಆ ಅವಧಿಯಲ್ಲಿ ಇವರಿಂದ ಅಪೇಕ್ಷಿಸುವುದೇನು, ಹೊರಟರೆ ಇವರ ಕೆಲಸವನ್ನು ಬಲ್ಲ ಸಹಾಯಕರು ಯಾರು ಎಂಬುದನ್ನು ಮಂಡಳಿಯ ಬಾಯಿಂದ ಅಂದೇ ಹೇಳಿಸಬೇಕು. ಬಸ್ರಾದ ಸೋಲಿನ ಅನಂತರ ಅಬುಧಾಬಿಯಲ್ಲಿ ಕೇಳಬೇಕಾದ ಪ್ರಶ್ನೆ ಒಲರೊಯು ಉಳಿಯಬೇಕೇ ಹೋಗಬೇಕೇ ಎಂಬುದಕ್ಕಿಂತ ಹೆಚ್ಚಾಗಿ, ಅಲ್ ಐನಿನಲ್ಲಿಯೂ ಶಾರ್ಜಾದಲ್ಲಿಯೂ ಇಂದು ಹದಿನೈದು ವರ್ಷದ ಹುಡುಗರಿಗೆ ಕಲಿಸುತ್ತಿರುವವರು ಯಾರು, ಆ ಹುಡುಗರಿಗೆ ಇಪ್ಪತ್ತೈದಾಗುವವರೆಗೆ ಅವರೊಡನೆ ಇರಲು ಆ ಗುರುಗಳಿಗೆ ಯಾರಾದರೂ ಕರಾರು ಬರೆದುಕೊಟ್ಟಿದ್ದಾರೆಯೇ ಎಂಬುದು.