ಒಳಗೆ ಹೋದ ವಕೀಲೆ

ಎಸ್ತರ್ ಒಲಾವರ್ರಿಯಾ ಕ್ಯೂಬಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಫ್ಲೋರಿಡಾದಲ್ಲಿ ವಲಸಿಗರ ವಕೀಲೆಯಾಗಿದ್ದರು. ಮುಂದೆ ಸೆನೆಟರ್ ಎಡ್ವರ್ಡ್ ಕೆನಡಿಗೆ, ಆಮೇಲೆ ಒಬಾಮ, ಬೈಡನ್ ಸರ್ಕಾರಗಳಿಗೆ ವಲಸೆ ನೀತಿಯ ಸಲಹೆಗಾರ್ತಿಯಾದರು.

ವಕೀಲ ಅಂದರೆ ಇನ್ನೊಬ್ಬರ ಪರ ನಿಲ್ಲುವವರು (ನಮ್ಮ ಮನೆಯ ಉರ್ದುವಿನಲ್ಲೂ ಅದೇ ಪದ). ಸರ್ಕಾರ ಸೇರಿದ ಮೇಲೆ ಯಾರ ಪರ? ಒಬಾಮ ಸರ್ಕಾರ 2012ರ ಒಂದೇ ಹಣಕಾಸು ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿತು.

ಆದರೂ ಅವರು ಒಳಗೆ ಹೋದದ್ದೇ ಸರಿ ಎನ್ನುತ್ತೇನೆ. ಕೋರ್ಟಿನಲ್ಲಿ ಗೆದ್ದರೆ ಒಂದು ಕುಟುಂಬ ಉಳಿಯುತ್ತದೆ. ಅದೇ 2012ರಲ್ಲಿ ಬಂದ ಡಾಕಾ ಆದೇಶದಿಂದ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದಿದ್ದ, ದಾಖಲೆಯಿಲ್ಲದ ಲಕ್ಷಾಂತರ ಯುವಜನರಿಗೆ ಕೆಲಸದ ಪರವಾನಗಿ ಸಿಕ್ಕಿತು. ಇಂಥದ್ದನ್ನು ಬರೆಯಲು ಕಾನೂನಿನ ಸಂದುಗೊಂದಿ ಬಲ್ಲವರು ಒಳಗಿರಲೇಬೇಕು.

ಪೂರ್ತಿ ಕಾನೂನು ಮಾತ್ರ ಬರಲಿಲ್ಲ. 2013ರಲ್ಲಿ ಸೆನೆಟ್ 68–32 ಮತಗಳಿಂದ ಒಪ್ಪಿದ ಮಸೂದೆಯನ್ನು ಕೆಳಮನೆ ಮತಕ್ಕೇ ಹಾಕಲಿಲ್ಲ.